ಕನ್ನಡದಲ್ಲಿ ಪ್ರಶ್ನಾವಳಿ ಸಿದ್ಧಪಡಿಸಿಕೊಡುವ ಸೇವೆ: ಹತ್ತು ವಾರಗಳ ಬಳಕೆಯ ನಂತರ

ಮನಶ್ಶಾಸ್ತ್ರದ ಸಂಶೋಧಕರಿಗೆ ಪ್ರಶ್ನಾವಳಿಗಳನ್ನು ರಚಿಸಿ, ಕನ್ನಡಕ್ಕೆ ತಂದು, ಜನರ ಮುಂದಿಟ್ಟು ಪರೀಕ್ಷಿಸಿ ಕೊಡುವ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯ ಸೇವೆಯನ್ನು ಕಳೆದ ವರ್ಷ ನಾನು ಪಡೆದುಕೊಂಡೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆ ಕೊಡುವವರು ಬೇರೆಯವರೂ ಇದ್ದಾರೆ. ಯಾರ ಬಳಿ ಹೋದರೂ ಯಾವ ಕೆಲಸಕ್ಕೆ ಹಣ ಕೊಡುವುದು ಸಾರ್ಥಕ, ಯಾವುದನ್ನು ಪಟ್ಟು ಹಿಡಿದು ಕೇಳಿ ಮಾಡಿಸಿಕೊಳ್ಳಬೇಕು ಎಂಬುದನ್ನು ತಿಳಿದು ಹೋದರೆ ಓದುಗರಿಗೆ ಹೆಚ್ಚು ಅನುಕೂಲವೆಂದು ನನಗೆ ತೋರುತ್ತದೆ.

ನನ್ನ ಅಧ್ಯಯನದ ವಿಷಯ ಇದು: ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವ ಸೊಸೆಯಂದಿರ ಮತ್ತು ಹೆಣ್ಣುಮಕ್ಕಳ ಮನಸ್ಸಿನ ಮೇಲೆ ಬೀಳುವ ಭಾರವನ್ನು ಅಳೆಯುವುದು. ಪ್ರಶ್ನಾವಳಿಯಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು, ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ 14 ಪ್ರಶ್ನೆಗಳೊಂದಿಗೆ ಪ್ರಕಟಿಸಿ, ಮುಂದೆ 10 ಪ್ರಶ್ನೆಗಳ ರೂಪದಲ್ಲಿ ಹೆಚ್ಚು ಬಳಕೆಗೆ ಬಂದ ಒತ್ತಡದ ಮಾಪಕ. ಒಂದೊಂದು ಪ್ರಶ್ನೆಗೆ 0ಯಿಂದ 4ರವರೆಗೆ, ಒಟ್ಟು 40 ಅಂಕಗಳು. ಎರಡನೆಯದು, ಆರೈಕೆಯ ಕೆಲಸ, ನಿದ್ದೆ, ಮನೆಯವರ ಸಹಕಾರ ಮುಂತಾದವುಗಳ ಬಗ್ಗೆ ನಾನೇ ಬರೆದ 24 ಪ್ರಶ್ನೆಗಳು. ಅಕ್ಷರ ಓದಲು ಕಷ್ಟಪಡುವವರೂ ಇದ್ದುದರಿಂದ ಇವೆಲ್ಲವನ್ನೂ ಕ್ಷೇತ್ರಕಾರ್ಯಕರ್ತೆಯರು ಓದಿ ಹೇಳಿ ಉತ್ತರ ಗುರುತಿಸಿಕೊಳ್ಳಬೇಕಾಗಿತ್ತು. ಅನುವಾದ, ಪೂರ್ವಪರೀಕ್ಷೆ, ಟ್ಯಾಬ್ಲೆಟ್‌ಗೆ ಅಳವಡಿಕೆ, ಕಾರ್ಯಕರ್ತೆಯರಿಗೆ ಎರಡು ದಿನದ ತರಬೇತಿ, ಎಲ್ಲ ಸೇರಿ 38,000 ರೂಪಾಯಿಗೆ ಒಪ್ಪಂದವಾಯಿತು.

ಮೊದಲ ಹಂತ ನನಗೆ ನಿರಾಸೆ ತಂದಿತು. ಬಂದ ಕರಡಿನಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ, ವ್ಯಾಕರಣ ಚೊಕ್ಕವಾಗಿತ್ತು, ಆದರೆ ಅದು ಯಾರ ಬಾಯಿಂದಲೂ ಬರುವ ಕನ್ನಡವಾಗಿರಲಿಲ್ಲ. "ಕಳೆದ ಒಂದು ತಿಂಗಳ ಅವಧಿಯಲ್ಲಿ ನಿಮ್ಮ ಜೀವನದ ಪ್ರಮುಖ ವಿಷಯಗಳನ್ನು ನಿಯಂತ್ರಿಸಲು ನೀವು ಅಸಮರ್ಥರಾಗಿರುವಿರೆಂದು ನಿಮಗೆ ಎಷ್ಟು ಬಾರಿ ಅನಿಸಿದೆ?" ಎಂಬುದು ಮಾಪಕದ ಎರಡನೆಯ ಪ್ರಶ್ನೆಯ ರೂಪ. ನಾನು ಆಕ್ಷೇಪಿಸಿದಾಗ ಅವರು ಹಿಮ್ಮುಖ ಅನುವಾದದ ವರದಿಯನ್ನು ಮುಂದಿಟ್ಟರು. ಮೂಲವನ್ನು ನೋಡದ ಮತ್ತೊಬ್ಬ ಅನುವಾದಕರಿಂದ ಕನ್ನಡವನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿ ಎರಡನ್ನೂ ಹೋಲಿಸುವ ಈ ಕ್ರಮವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರವಾಗಿ ಮಂಡಿಸಿದರು. ಇವತ್ತಿಗೂ ಮಾರ್ಗದರ್ಶಕರು ಮತ್ತು ನೈತಿಕ ಸಮಿತಿಗಳು ಮೊದಲು ಕೇಳುವುದು ಅದನ್ನೇ. ನಮ್ಮ ಕರಡು ಅದರಲ್ಲಿ ಬಹುತೇಕ ಪೂರ್ಣ ಅಂಕ ಪಡೆದಿತ್ತು. ಪಡೆಯದೆ ಇರುವುದಾದರೂ ಹೇಗೆ? "ನಿಯಂತ್ರಿಸು" ಎಂಬುದು ನಿಘಂಟಿನಲ್ಲಿ ಮೂಲದ "ಕಂಟ್ರೋಲ್" ಎಂಬ ಇಂಗ್ಲಿಷ್ ಪದಕ್ಕೆ ಎದುರಾಗಿ ಇರುವ ಪದವೇ ಆದ್ದರಿಂದ, ಇಂಗ್ಲಿಷ್ ಬಲ್ಲ ಅನುವಾದಕರು ಅದನ್ನು ಕಂಡ ಕೂಡಲೇ ಮೂಲದ ಪದವನ್ನೇ ಬರೆಯುತ್ತಾರೆ. ಹಿಮ್ಮುಖ ಅನುವಾದವು ಇಬ್ಬರು ಅನುವಾದಕರು ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡಿದ್ದಾರೆ ಎಂಬುದನ್ನು ತೋರಿಸುತ್ತದೆ. ಮೂರನೆಯವಳಾದ, ಹಟ್ಟಿಯ ಮುಂದೆ ಕುಳಿತು ಉತ್ತರಿಸಬೇಕಾದ ಹೆಂಗಸು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅಲ್ಲಿಗೇ ಕೆಲಸ ಮುಗಿಸಿ ಹಣ ಪಡೆಯುವ ಸಂಸ್ಥೆಗಳಿವೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಈ ಸಂಸ್ಥೆ ಅಲ್ಲಿಗೆ ನಿಲ್ಲಿಸಲಿಲ್ಲ ಎಂಬುದೇ ಈ ವಿಮರ್ಶೆ ಬರೆಯಲು ಕಾರಣ.

ಎರಡನೆಯ ಹಂತಕ್ಕೆ ಅವರು ಇಟ್ಟ ಹೆಸರು ಕಾಗ್ನಿಟಿವ್ ಇಂಟರ್‌ವ್ಯೂ. ಪ್ರಶ್ನೆಯನ್ನು ಓದಿ, ಉತ್ತರ ಪಡೆದು ಮುಂದೆ ಹೋಗುವ ಬದಲು, "ಈ ಪ್ರಶ್ನೆಯಲ್ಲಿ ಏನು ಕೇಳಿದ ಹಾಗಾಯಿತು, ನಿಮ್ಮ ಮಾತಿನಲ್ಲಿ ಹೇಳಿ" ಎಂದೂ, "ಆ ಉತ್ತರ ಹೇಳುವಾಗ ಮನಸ್ಸಿಗೆ ಏನು ಬಂತು" ಎಂದೂ ಕೇಳಿ, ಹೇಳಿದ್ದನ್ನು ಅವರ ಒಪ್ಪಿಗೆಯೊಂದಿಗೆ ಧ್ವನಿಮುದ್ರಿಸಿಕೊಳ್ಳುವ ವಿಧಾನ ಇದು. ಒಂದು ಪ್ರಶ್ನೆಗೆ ಉತ್ತರಿಸುವವರು ಮೊದಲು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಬೇಕು, ಬೇಕಾದ ಸಂಗತಿಗಳನ್ನು ನೆನಪಿನಿಂದ ಹೆಕ್ಕಿ ತೆಗೆಯಬೇಕು, ಅವುಗಳನ್ನು ತೂಗಿ ಒಂದು ತೀರ್ಮಾನಕ್ಕೆ ಬರಬೇಕು, ಕೊನೆಗೆ ಆ ತೀರ್ಮಾನವನ್ನು ನಾವು ಕೊಟ್ಟ ಆಯ್ಕೆಗಳ ಚೌಕಟ್ಟಿಗೆ ಹೊಂದಿಸಬೇಕು. ಈ ನಾಲ್ಕರಲ್ಲಿ ಎಲ್ಲಿ ಎಡವಿದರೂ ಕೊನೆಯಲ್ಲಿ ನಮ್ಮ ಕೈಗೆ ಸಿಗುವುದು ಒಂದು ಅಂಕೆ ಮಾತ್ರವಾದ್ದರಿಂದ, ಎಡವಿದ್ದು ನಮಗೆ ಕಾಣಿಸುವುದಿಲ್ಲ. ಕಾಣಿಸುವಂತೆ ಮಾಡುವುದೇ ಈ ಸಂದರ್ಶನದ ಕೆಲಸ. ಮೂರು ಸುತ್ತುಗಳಲ್ಲಿ, ಸುತ್ತಿಗೆ ನಾಲ್ವರಂತೆ, 12 ಮಂದಿ ಹೆಂಗಸರ ಜೊತೆ ಮಾತುಕತೆ ನಡೆಯಿತು. ಪ್ರತಿ ಸುತ್ತಿನ ನಂತರ ಪ್ರಶ್ನೆಗಳನ್ನು ತಿದ್ದಿ, ತಿದ್ದಿದ್ದನ್ನೇ ಮುಂದಿನ ಸುತ್ತಿಗೆ ಒಯ್ದರು.

ಮೊದಲ ಸುತ್ತಿನಲ್ಲಿ ನಾನೂ ಜೊತೆಗಿದ್ದೆ. ಅರುವತ್ತರ ಹತ್ತಿರದ ಒಬ್ಬ ತಾಯಿ, ಮಾತು ಬಿದ್ದುಹೋದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದವರು, ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸಂಸ್ಥೆಯ ಸಂದರ್ಶಕಿ "ಅಮ್ಮಾ, ಕಳೆದ ಒಂದು ತಿಂಗಳಲ್ಲಿ ನಿಮಗೆ ಎಷ್ಟು ಬಾರಿ ಒತ್ತಡ ಆಗಿದೆ?" ಎಂದು ಓದಿದರು. ಆ ತಾಯಿ ಕೈ ಒರೆಸಿಕೊಂಡು ಸೊಂಟದಲ್ಲಿದ್ದ ಎಲೆಅಡಿಕೆ ಚೀಲವನ್ನು ತೆಗೆದು, ಅಡಿಕೆಯ ಜೊತೆಯಲ್ಲೇ ಇಟ್ಟುಕೊಂಡಿದ್ದ ಮಾತ್ರೆಯ ಹಾಳೆಯೊಂದನ್ನು ಹೊರಗೆಳೆದು ತೋರಿಸಿದರು. "ಐತೆ ಕಣವ್ವ, ದಿನಾ ಒಂದು ನುಂಗ್ತೀನಿ, ಈಗ ಪರ್ವಾಗಿಲ್ಲ." ಅದು ರಕ್ತದೊತ್ತಡದ ಮಾತ್ರೆ. ಸಂದರ್ಶಕಿ ಏನನ್ನೂ ತಿದ್ದದೆ, "ಹಾಗಾದರೆ ಮನಸ್ಸಿಗೆ ಭಾರ ಆಗೋದನ್ನ ನೀವು ಏನಂತೀರಿ?" ಎಂದು ಕೇಳಿದರು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲೆ ಕೆಟ್ಟೋಗ್ತದೆ ಅಂತೀವಿ. ಏನೂ ಬ್ಯಾಡ ಅನ್ನಿಸ್ತದೆ" ಎಂದರು. ನಾನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ "ಒತ್ತಡ" ಎಂಬ ಪದವನ್ನು ಬರೆಯುತ್ತಲೇ ಇದ್ದೇನೆ. ಆ ಪದವನ್ನೇ ಇಟ್ಟು ಮುನ್ನೂರು ಮನೆಗಳಿಗೆ ಹೋಗಿದ್ದರೆ ಮಾತ್ರೆ ಸರಿಯಾಗಿ ಸೇವಿಸುವವರ ಒತ್ತಡವು ಕಡಿಮೆಯೆಂದು ಬರೆದುಕೊಂಡು ಬರುತ್ತಿದ್ದೆವು.

"ಬೇಜಾರು" ಎಂಬ ಪದದ ವಿಷಯದಲ್ಲೂ ಹೀಗೇ ಆಯಿತು. ಎಲ್ಲರಿಗೂ ತಿಳಿದ ಪದವೆಂದು ನಾನೇ ಅದನ್ನು ಸೂಚಿಸಿದ್ದೆ. ಆದರೆ ಒಬ್ಬರಿಗೆ ಅದು ಹೊತ್ತು ಹೋಗದಿರುವುದು, ಇನ್ನೊಬ್ಬರಿಗೆ ದುಃಖ, ಮತ್ತೊಬ್ಬರಿಗೆ ನಾದಿನಿಯ ಮಾತಿಗೆ ನೊಂದುಕೊಂಡದ್ದು. "ಬೇಜಾರು ಮಾಡ್ಕೋಬೇಡಿ" ಎಂದು ದಿನಕ್ಕೆ ಹತ್ತು ಸಲ ಹೇಳುವ ಭಾಷೆಯಲ್ಲಿ ಆ ಪದವು ಒಂದೇ ಭಾವವನ್ನು ಅಳೆಯಲಾರದು. ಸುಲಭವಾದ ಪದವೆಲ್ಲ ಒಳ್ಳೆಯ ಪದವಲ್ಲ ಎಂಬುದನ್ನು ನಾನು ಇಲ್ಲಿ ಕಲಿತೆ.

ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಕನ್ನಡ ವಾಕ್ಯದ ರಚನೆಯ ಬಗ್ಗೆ ಅವರಿಗಿದ್ದ ಎಚ್ಚರ. ಇಂಗ್ಲಿಷಿನ ಪಠ್ಯಪುಸ್ತಕಗಳಲ್ಲಿ ಕಾಣದ ಮೂರು ತೊಡಕುಗಳನ್ನು ಅವರು ತೋರಿಸಿಕೊಟ್ಟರು. ಕನ್ನಡದಲ್ಲಿ ನಿಷೇಧ, ಅಂದರೆ ಇಲ್ಲ ಎಂಬ ಅರ್ಥ ಕೊಡುವ ಭಾಗ, ಬರುವುದು ಸಾಮಾನ್ಯವಾಗಿ ವಾಕ್ಯದ ಕಟ್ಟಕಡೆಗೆ. "ಮಾಡಬೇಕಾದ ಕೆಲಸಗಳನ್ನೆಲ್ಲ ನಿಭಾಯಿಸಲು ನಿಮ್ಮಿಂದ ಸಾಧ್ಯವಾಗಲಿಲ್ಲ ಎಂದು ಎಷ್ಟು ಬಾರಿ ಅನಿಸಿದೆ" ಎಂದು ಓದಿ ಹೇಳುವಾಗ, ಕೇಳುವವರು "ನಿಭಾಯಿಸಲು" ಎಂಬಲ್ಲಿಗೇ ಅರ್ಥ ಕಟ್ಟಿಕೊಂಡು, "ಅಯ್ಯೋ, ಎಲ್ಲಾ ನಾನೇ ನಿಭಾಯಿಸೋದು, ಯಾವಾಗ್ಲೂ" ಎಂದು ಉತ್ತರಿಸಿಬಿಡುತ್ತಾರೆ. ಓದುವವರು "ಲಿಲ್ಲ" ಎನ್ನುವ ಹೊತ್ತಿಗೆ ಉತ್ತರ ಬಂದಾಗಿರುತ್ತದೆ. ಧ್ವನಿಮುದ್ರಣವನ್ನು ಕೇಳಿದರೆ ಇಬ್ಬರ ಮಾತು ಒಂದರ ಮೇಲೊಂದು ಬೀಳುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಕೆಲಸದ ಭಾರದಿಂದ ಕುಸಿದವರಿಗೂ, ಎಲ್ಲವನ್ನೂ ನಿಭಾಯಿಸಿ ಹೆಮ್ಮೆಪಡುವವರಿಗೂ ಅದೇ 4 ಅಂಕ ಬೀಳುತ್ತದೆ. "ಮಾಡಬೇಕಾದ ಕೆಲಸ ಕೈಮೀರಿ ಹೋಯಿತು ಅನ್ನಿಸಿದ್ದು ಎಷ್ಟು ಸಲ?" ಎಂದು ಬದಲಿಸಿದ ಮೇಲೆ, ಇಲ್ಲ ಎಂಬ ಪ್ರತ್ಯಯವೇ ಇಲ್ಲದೆ ಅದೇ ಅರ್ಥ ಉಳಿಯಿತು, ತೊಡಕೂ ತೀರಿತು. ನಿಯಂತ್ರಣದ ಪ್ರಶ್ನೆಗೂ ಕೊನೆಗೆ ಇಂಥದೇ ಮಾತು ಸಿಕ್ಕಿತು: "ಮುಖ್ಯವಾದ ವಿಷಯಗಳೇ ನಿಮ್ಮ ಕೈ ತಪ್ಪಿ ಹೋಗುತ್ತಿವೆ ಅನ್ನಿಸಿದ್ದು ಎಷ್ಟು ಸಲ?" ಇದನ್ನು ಯಾರೂ ಎರಡನೆಯ ಸಲ ಓದಿಸಿಕೊಳ್ಳಲಿಲ್ಲ.

ಮುಂದಿನದು ನಿಷೇಧದ ಪ್ರಶ್ನೆಗೆ ಬರುವ ಉತ್ತರ. "ರಾತ್ರಿ ನಿಮಗೆ ನಿದ್ದೆ ಬರುವುದಿಲ್ಲವೇ?" ಎಂದರೆ ಒಬ್ಬರು "ಹೌದು" ಎನ್ನುತ್ತಾರೆ, ಬರುವುದಿಲ್ಲ ಎಂಬುದು ಅವರ ಭಾವ, ಇನ್ನೊಬ್ಬರು "ಇಲ್ಲ" ಎನ್ನುತ್ತಾರೆ, ಅವರ ಭಾವವೂ ಬರುವುದಿಲ್ಲ ಎಂಬುದೇ. ಎದುರು ಕುಳಿತು ಮಾತಾಡುವಾಗ ತಲೆಯಾಡಿಸಿದ್ದು ನೋಡಿ ನಾವು ಸರಿಯಾಗಿ ಗ್ರಹಿಸುತ್ತೇವೆ, ಆದರೆ ಟ್ಯಾಬ್ಲೆಟ್ ಪರದೆಯ ಮೇಲೆ ಒತ್ತಬೇಕಾದ ಎರಡು ಗುಂಡಿಗಳಲ್ಲಿ ಒಂದು ಹೌದು, ಇನ್ನೊಂದು ಇಲ್ಲ. ನನ್ನ 24 ಪ್ರಶ್ನೆಗಳಲ್ಲಿ ಇಂಥವು ಐದು ಇದ್ದವು.

ಕೊನೆಯದು ಜೋಡುಪದಗಳ ತೊಡಕು. ಒಂದು ಪ್ರಶ್ನೆಯಲ್ಲಿ ಎರಡು ವಿಷಯ ಕೇಳಬಾರದು ಎಂಬುದನ್ನು ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾನೆ, "ಮತ್ತು" ಇರುವಲ್ಲೆಲ್ಲ ಗೆರೆ ಎಳೆಯುತ್ತಾನೆ. ಆದರೆ ಕನ್ನಡಕ್ಕೆ ಎರಡನ್ನು ಸೇರಿಸಲು "ಮತ್ತು" ಬೇಕಾಗಿಯೇ ಇಲ್ಲ. "ನಿಮಗೆ ಊಟ ನಿದ್ದೆ ಸರಿಯಾಗಿ ಆಗುತ್ತಿದೆಯೇ?" ಎಂಬ ನನ್ನ ಪ್ರಶ್ನೆ ಮೂವರು ಸಹೋದ್ಯೋಗಿಗಳ ಕಣ್ಣು ತಪ್ಪಿಸಿ ಬಂದಿತ್ತು, ಏಕೆಂದರೆ ಊಟ ನಿದ್ದೆ ನಮಗೆ ಒಂದೇ ಪದದಂತೆ ಕೇಳಿಸುತ್ತದೆ. ಊಟ ಸೇರುತ್ತಿದೆ, ನಿದ್ದೆಯಿಲ್ಲ ಎನ್ನುವವಳು ಏನು ಹೇಳಬೇಕು? ಅತ್ತೆ ಮಾವ, ನೋವು ನಲಿವು, ಮಕ್ಕಳು ಮರಿ, ಸಾಲ ಸೋಲ, ಹೀಗೆ ನಮ್ಮ ಮಾತಿನ ಸೊಗಸೇ ಆಗಿರುವ ಜೋಡಿಗಳನ್ನೆಲ್ಲ ಅವರು ಒಂದೊಂದಾಗಿ ಬಿಡಿಸಿದರು. ಪ್ರಶ್ನೆಗಳ ಸಂಖ್ಯೆ 24ರಿಂದ 29ಕ್ಕೆ ಏರಿತು, ಆದರೂ ಸಂದರ್ಶನಕ್ಕೆ ಹಿಡಿಯುವ ಸಮಯ ಕಡಿಮೆಯಾಯಿತು, ಏಕೆಂದರೆ "ಯಾವುದಕ್ಕೆ ಹೇಳ್ಲಿ?" ಎಂದು ಮರುಪ್ರಶ್ನೆ ಬರುವುದು ನಿಂತಿತು.

ಉತ್ತರದ ಆಯ್ಕೆಗಳಿಗೆ ಅವರು ಒಂದು ಇಡೀ ದಿನ ಕೊಟ್ಟರು, ಕೊಟ್ಟದ್ದು ಸರಿ. ರೆನ್ಸಿಸ್ ಲೈಕರ್ಟ್ 1932ರಲ್ಲಿ ಮಂಡಿಸಿದ ಕ್ರಮವನ್ನು ಅನುಸರಿಸಿ ನಾವೆಲ್ಲ ಐದು ಮೆಟ್ಟಿಲುಗಳ ಉತ್ತರಗಳನ್ನು ಬರೆಯುತ್ತೇವೆ, ಆದರೆ ಮೆಟ್ಟಿಲುಗಳು ಕೇಳುವವರ ಮನಸ್ಸಿನಲ್ಲಿಯೂ ಅದೇ ಕ್ರಮದಲ್ಲಿವೆಯೇ ಎಂದು ನೋಡುವವರು ಕಡಿಮೆ. ಕರಡಿನಲ್ಲಿದ್ದ "ಎಂದಿಗೂ ಇಲ್ಲ, ಬಹುತೇಕ ಇಲ್ಲ, ಕೆಲವೊಮ್ಮೆ, ಸಾಕಷ್ಟು ಬಾರಿ, ಆಗಾಗ್ಗೆ" ಎಂಬ ಐದನ್ನು ಒಂದೊಂದು ಚೀಟಿಯಲ್ಲಿ ಬರೆದು, ಓದಿ ಹೇಳುತ್ತ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು ಹೇಳಿದರು. ನಾಲ್ವರಲ್ಲಿ ಮೂವರು "ಆಗಾಗ್ಗೆ"ಯನ್ನು "ಸಾಕಷ್ಟು ಬಾರಿ"ಗಿಂತ ಕೆಳಗೆ ಇಟ್ಟರು. ಎರಡನೆಯ ಸುತ್ತಿಗೆ "ಸುಮಾರು ಸಲ" ಎಂದು ಬದಲಿಸಿ ನೋಡಿದಾಗ ಬೇರೆ ಸಮಸ್ಯೆ ಎದ್ದಿತು: ಸುಮಾರು ಜನ ಬಂದರು ಎಂದರೆ ಹೆಚ್ಚು ಜನ, ಸಾರು ಸುಮಾರಾಗಿದೆ ಎಂದರೆ ಅಷ್ಟಕ್ಕಷ್ಟೆ, ಒಂದೇ ಪದ ಒಬ್ಬರಿಗೆ ಮೇಲೆ, ಇನ್ನೊಬ್ಬರಿಗೆ ನಡುವೆ. ಮೂರನೆಯ ಸುತ್ತಿಗೆ "ಒಂದು ಸಲವೂ ಇಲ್ಲ, ಅಪರೂಪಕ್ಕೆ, ಆಗೊಮ್ಮೆ ಈಗೊಮ್ಮೆ, ಬಹಳ ಸಲ, ಮೇಲಿಂದ ಮೇಲೆ" ಎಂಬ ಸಾಲು ನಿಂತಿತು. ಅದರ ಜೊತೆಗೆ ಖಾಲಿಯಿಂದ ತುಂಬಿದ್ದರವರೆಗಿನ ಐದು ನೀರಿನ ಲೋಟಗಳ ಚಿತ್ರವಿರುವ ಒಂದು ಕಾರ್ಡನ್ನೂ ಮಾಡಿಕೊಟ್ಟರು. ಅಕ್ಷರ ಬಾರದವರಿಗೆಂದು ಮಾಡಿದ ಈ ಕಾರ್ಡು ಬೇರೊಂದು ಕೆಲಸಕ್ಕೂ ಒದಗಿತು. ಅದನ್ನು ಮುಂದೆ ಹೇಳುತ್ತೇನೆ.

ಆಯ್ಕೆಗಳ ಪದ ಮತ್ತು ಅಂಕೆಗಳು ಕೇವಲ ಅಳತೆಯ ಗುರುತುಗಳಲ್ಲ, ಅವೂ ಉತ್ತರಿಸುವವರಿಗೆ ಏನನ್ನೋ ಹೇಳುತ್ತವೆ ಎಂಬುದನ್ನು ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಮಾಡಿದ ಪ್ರಯೋಗಗಳು ತೋರಿಸಿವೆ. 1985ರಲ್ಲಿ ಪ್ರಕಟವಾದ ಒಂದರಲ್ಲಿ, ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಎಂಬ ಒಂದೇ ಪ್ರಶ್ನೆಗೆ, ಆಯ್ಕೆಗಳು ಅರ್ಧ ಗಂಟೆಯಿಂದ ಶುರುವಾಗಿ ಎರಡೂವರೆ ಗಂಟೆಗಿಂತ ಹೆಚ್ಚು ಎಂಬಲ್ಲಿಗೆ ಮುಗಿದಾಗ ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಎಂದವರು ಶೇ. 16.2, ಆಯ್ಕೆಗಳು ಎರಡೂವರೆ ಗಂಟೆಯಿಂದಲೇ ಶುರುವಾಗಿ ಮೇಲಕ್ಕೆ ಹೋದಾಗ ಹಾಗೆಂದವರು ಶೇ. 37.5. ನಡುವೆ ಇರುವುದೇ ಲೋಕರೂಢಿ ಎಂದು ಜನ ಊಹಿಸುತ್ತಾರೆ. 1991ರ ಇನ್ನೊಂದು ಪ್ರಯೋಗದಲ್ಲಿ, ಬದುಕಿನಲ್ಲಿ ಎಷ್ಟು ಯಶಸ್ವಿಯಾಗಿದ್ದೀರಿ ಎಂಬುದಕ್ಕೆ 0ಯಿಂದ 10ರ ಮಾಪಕ ಕೊಟ್ಟಾಗ ಕೆಳಗಿನ ಅರ್ಧವನ್ನು ಆರಿಸಿದವರು ಶೇ. 34, ಮೈನಸ್ 5ರಿಂದ ಪ್ಲಸ್ 5ರ ಮಾಪಕ ಕೊಟ್ಟಾಗ ಶೇ. 13. ಎರಡರಲ್ಲೂ ಮೆಟ್ಟಿಲು ಹನ್ನೊಂದೇ. ನನ್ನ ಪ್ರಶ್ನಾವಳಿಯಲ್ಲಿ "ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ" ಎಂಬುದಕ್ಕೆ ನಾನು 0, 1, 2, 3, 3ಕ್ಕಿಂತ ಹೆಚ್ಚು ಎಂದು ಕೊಟ್ಟಿದ್ದೆ. ಸಂಸ್ಥೆಯವರು ಆಯ್ಕೆಗಳನ್ನು ತೆಗೆದು ಸಂಖ್ಯೆಯನ್ನೇ ಬರೆದುಕೊಳ್ಳುವಂತೆ ಮಾಡಿದರು. ಮೊದಲ ಮನೆಯಲ್ಲೇ ಬಂದ ಉತ್ತರ ಏಳು.

ಕಾಲದ ಅವಧಿಯನ್ನು ತಿದ್ದಿದ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. "ಕಳೆದ ಒಂದು ತಿಂಗಳು" ಎಂದರೆ ಕ್ಯಾಲೆಂಡರ್ ನೋಡಿ ಬದುಕುವವರಿಗೆ ಸರಿ. ಹಳ್ಳಿಯಲ್ಲಿ ವಾರಕ್ಕೆ ಎಂಟು ದಿನ ಎನ್ನುತ್ತಾರೆ, ಎರಡು ವಾರಕ್ಕೆ ಹದಿನೈದು ದಿನ ಎನ್ನುತ್ತಾರೆ, ಅದಕ್ಕೆ ಹಿಂದಿನದನ್ನು ಹಬ್ಬ, ಜಾತ್ರೆ, ಅಮಾವಾಸ್ಯೆಗಳಿಂದ ಎಣಿಸುತ್ತಾರೆ. ನಮ್ಮ ಕ್ಷೇತ್ರಕಾರ್ಯ ಯುಗಾದಿ ಕಳೆದು ತಿಂಗಳಿಗೆ ಆರಂಭವಾಗುವುದಿದ್ದರಿಂದ "ಯುಗಾದಿ ಹಬ್ಬ ಆದಮೇಲಿಂದ ಇಲ್ಲಿಯವರೆಗೆ" ಎಂದು ಪ್ರಶ್ನೆಗಳನ್ನು ಶುರುಮಾಡಿದರು. ಇದು ಸ್ಥಳೀಯ ಬಣ್ಣಕ್ಕಾಗಿ ಮಾಡಿದ್ದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ 1980ರ ಮೇ 18ರಂದು ಸ್ಫೋಟಿಸಿತು. ಆ ಸ್ಫೋಟವನ್ನೇ ಗುರುತಾಗಿಟ್ಟುಕೊಂಡು "ಅಲ್ಲಿಂದ ಈಚೆಗೆ" ಎಂದು ಕೇಳಿದಾಗ, ಹಳೆಯ ಘಟನೆಗಳನ್ನು ಇತ್ತೀಚಿನವೆಂದು ತಪ್ಪಾಗಿ ಸೇರಿಸುವುದು ಕಡಿಮೆಯಾಯಿತೆಂದು ಎಲಿಜಬೆತ್ ಲಾಫ್ಟಸ್ ಮತ್ತು ಮಾರ್ಬರ್ಗರ್ 1983ರಲ್ಲಿ ತೋರಿಸಿದ್ದರು. ಅದೇ ತತ್ತ್ವ ಬೇವುಬೆಲ್ಲದ ದಿನಕ್ಕೂ ಹೊಂದಿತು. ಆದರೆ ಕ್ಷೇತ್ರಕಾರ್ಯ ಮುಂದಕ್ಕೆ ಹೋದಂತೆ ಯುಗಾದಿ ದೂರವಾಗುತ್ತದೆ ಎಂಬುದನ್ನು ಅವರು ಮೊದಲೇ ಹೇಳಲಿಲ್ಲ. ಎರಡನೆಯ ತಿಂಗಳಿಗೆ ನಾವೇ ಬಸವ ಜಯಂತಿಗೆ ಬದಲಿಸಿಕೊಳ್ಳಬೇಕಾಯಿತು.

ಪ್ರಶ್ನೆಯಲ್ಲಿ ಅಡಗಿರುವ ಉತ್ತರದ ಬಗ್ಗೆಯೂ ಒಂದು ಮಾತು. "ಅತ್ತೆ ಮಾವನ ಸೇವೆ ಮಾಡುವುದರಿಂದ ನಿಮಗೆ ತೃಪ್ತಿ ಸಿಗುತ್ತದೆಯೇ?" ಎಂದು ನಾನು ಬರೆದಿದ್ದೆ. "ಸೇವೆ" ಎಂದ ಮೇಲೆ ಪುಣ್ಯ ಬಂತು, ಪುಣ್ಯದ ಕೆಲಸದಿಂದ ತೃಪ್ತಿಯಿಲ್ಲ ಎಂದು ಯಾವ ಸೊಸೆ ಹೇಳಿಯಾಳು? ಒಂದು ಕ್ರಿಯಾಪದ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ಲಾಫ್ಟಸ್ ಮತ್ತು ಪಾಮರ್ ಅವರ 1974ರ ಪ್ರಯೋಗ ಪ್ರಸಿದ್ಧ: ಒಂದೇ ಅಪಘಾತದ ದೃಶ್ಯ ನೋಡಿದವರಿಗೆ ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು ಕೇಳಿದಾಗ ಸರಾಸರಿ ಉತ್ತರ ಗಂಟೆಗೆ 40.8 ಮೈಲಿ, ತಾಗಿದಾಗ ಎಷ್ಟಿತ್ತು ಎಂದು ಕೇಳಿದಾಗ 31.8. ಅದಕ್ಕೂ ಹಿಂದೆ, 1941ರಲ್ಲಿ ಡೊನಾಲ್ಡ್ ರಗ್ ಪ್ರಕಟಿಸಿದ ಹೋಲಿಕೆಯಲ್ಲಿ, ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ ಅವಕಾಶ ಕೊಡಬೇಕೇ ಎಂದು ಕೇಳಿದಾಗ ಕೊಡಬಾರದು ಎಂದವರು ಶೇ. 62 ಇದ್ದರೆ, ಅವುಗಳನ್ನು ನಿಷೇಧಿಸಬೇಕೇ ಎಂದು ಕೇಳಿದಾಗ ನಿಷೇಧಿಸಬೇಕು ಎಂದವರು ಶೇ. 46 ಮಾತ್ರ. ನನ್ನ ಪ್ರಶ್ನೆಯನ್ನು "ಅವರನ್ನು ನೋಡಿಕೊಳ್ಳುವ ಕೆಲಸದ ಬಗ್ಗೆ ಕೆಲವರಿಗೆ ಸಮಾಧಾನ ಇರುತ್ತದೆ, ಕೆಲವರಿಗೆ ಸಾಕಾಗಿ ಹೋಗಿರುತ್ತದೆ, ನಿಮಗೆ ಹೇಗೆ?" ಎಂದು ಬದಲಿಸಿದರು. ಎರಡೂ ಬಗೆಯವರು ಇದ್ದಾರೆಂದು ಮೊದಲೇ ಹೇಳುವುದರಿಂದ, ಸಾಕಾಗಿದೆ ಎನ್ನಲು ದಾರಿ ಸಿಗುತ್ತದೆ. ಹಾಗೆಯೇ, ಒಟ್ಟಾರೆ ಬದುಕು ಹೇಗಿದೆ ಎಂಬ ಪ್ರಶ್ನೆಯನ್ನು ಮನೆಯ ಜಗಳಗಳ ಪ್ರಶ್ನೆಗಳ ನಂತರ ಇಟ್ಟಿದ್ದೆ. ಅದನ್ನು ಮೊದಲಿಗೆ ತಂದರು. ಜಗಳ ನೆನಪಿಸಿಕೊಂಡ ಬಾಯಲ್ಲಿ ಬದುಕು ಕೆಟ್ಟದ್ದೆಂದೇ ಬರುತ್ತದೆ.

ಮೇಲೆ ಹೇಳಿದ ಲೋಟದ ಕಾರ್ಡು ಇಲ್ಲಿ ನೆರವಾಯಿತು. ಹಳ್ಳಿಯ ಮನೆಯಲ್ಲಿ ಒಬ್ಬರೊಡನೆ ಏಕಾಂತದಲ್ಲಿ ಮಾತಾಡುವುದು ಆಗದ ಮಾತು. ಹಾಸಿಗೆಯ ಮೇಲಿನ ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ, ಪಕ್ಕದ ಮನೆಯವರು ಬಂದು ಕುಳಿತಿರುತ್ತಾರೆ. ಕಾರ್ಯಕರ್ತೆ ಪ್ರಶ್ನೆಯನ್ನು ಮೆಲ್ಲಗೆ ಓದಿ ಕಾರ್ಡನ್ನು ಮುಂದೆ ಹಿಡಿದರೆ, ಉತ್ತರಿಸುವವರು ಬಾಯಿ ತೆರೆಯದೆ ಒಂದು ಲೋಟದ ಮೇಲೆ ಬೆರಳಿಟ್ಟರೆ ಸಾಕು. ಪೈಲಟ್‌ನಲ್ಲಿ, ಅಂದರೆ ಮುಖ್ಯ ಅಧ್ಯಯನಕ್ಕೆ ಮುಂಚೆ ಕೆಲವರೊಡನೆ ಮಾಡಿ ನೋಡುವ ಪರೀಕ್ಷೆಯಲ್ಲಿ, ಗಟ್ಟಿಯಾಗಿ "ಏನೂ ತೊಂದರೆ ಇಲ್ಲ" ಎಂದು ಹೇಳುತ್ತಲೇ ತುಂಬಿದ ಲೋಟದ ಮೇಲೆ ಬೆರಳಿಟ್ಟ ಒಬ್ಬ ಸೊಸೆಯನ್ನು ನಾನು ಕಣ್ಣಾರೆ ಕಂಡೆ.

ಬದುಕೇ ಬೇಡವೆನ್ನಿಸುವ ಬಗ್ಗೆ ಕೇಳುವ ಪ್ರಶ್ನೆಯೊಂದು ನನ್ನ ಪಟ್ಟಿಯಲ್ಲಿತ್ತು. ಹೌದೆಂದವರಿಗೆ ಅಲ್ಲಿಯೇ, ಆಗಲೇ ಏನು ಮಾಡುತ್ತೀರಿ ಎಂದು ಸಂಸ್ಥೆಯವರು ಕೇಳಿದರು. ಅದಕ್ಕೆ ಉತ್ತರವಿಲ್ಲದೆ ಆ ಪ್ರಶ್ನೆಯನ್ನು ಅಳವಡಿಸಲು ಒಪ್ಪಲಿಲ್ಲ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯ ಚೀಟಿ ಕೊಡುವುದು, ಅದೇ ದಿನ ಮೇಲ್ವಿಚಾರಕರಿಗೆ ತಿಳಿಸುವುದು, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು, ಇಷ್ಟನ್ನೂ ಬರೆದಿಟ್ಟ ಮೇಲೆಯೇ ಪ್ರಶ್ನೆ ಒಳಗೆ ಬಂತು. ಈ ನಿಷ್ಠುರತೆಗೆ ನಾನು ಕೃತಜ್ಞಳಾಗಿದ್ದೇನೆ.

ಉಳಿದ ಭಾಗಗಳು ಸಾಧಾರಣ. ಟ್ಯಾಬ್ಲೆಟ್ ಅಳವಡಿಕೆ ಕೆಲಸ ಮಾಡಿತು, ಆದರೆ ಮೊದಲು ಬಂದ ಕಡತವು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿದ್ದು, ಯೂನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರಗಳು ಚದುರಿ, ಒಂದು ವಾರ ಹಾಳಾಯಿತು. ತರಬೇತಿಯ ಎರಡು ದಿನಗಳಲ್ಲಿ ಒಂದು ದಿನ ಚೆನ್ನಾಗಿತ್ತು. ಆರು ವಾರ ಎಂದ ಕೆಲಸಕ್ಕೆ ಹತ್ತು ವಾರ ಹಿಡಿಯಿತು.

ಎರಡು ದೂರುಗಳು ಮಾತ್ರ ಗಂಭೀರವಾದವು. 30 ಜನರ ಪೈಲಟ್‌ನಿಂದ ಕ್ರೋನ್‌ಬಾಕ್ ಆಲ್ಫಾ ಲೆಕ್ಕಹಾಕಿ, ಅದು ಚೆನ್ನಾಗಿ ಬಂದಿರುವುದರಿಂದ ಪ್ರಶ್ನಾವಳಿ ಸಿದ್ಧವೆಂದು ವರದಿಯ ಮುಖಪುಟದಲ್ಲೇ ಬರೆದರು. 1951ರಿಂದ ಬಳಕೆಯಲ್ಲಿರುವ ಈ ಅಳತೆ ಪ್ರಶ್ನೆಗಳು ಒಂದರೊಡನೊಂದು ಎಷ್ಟು ಹೊಂದಿ ಸಾಗುತ್ತವೆ ಎಂಬುದನ್ನಷ್ಟೇ ಹೇಳುತ್ತದೆ. ಪ್ರಶ್ನೆಗಳ ಸಂಖ್ಯೆ ಹೆಚ್ಚಿದರೆ ಅದೂ ಏರುತ್ತದೆ, ಒಂದೇ ದಿಕ್ಕಿನ ಪ್ರಶ್ನೆಗಳಿಗೆಲ್ಲ ಅರ್ಥವಾಗದೆ ಹೂಂಗುಟ್ಟಿದರೂ ಏರುತ್ತದೆ. ಹನ್ನೆರಡು ಹೆಂಗಸರ ಮಾತಿನಿಂದ ಇಷ್ಟೆಲ್ಲ ಕಲಿಸಿಕೊಟ್ಟವರು ಆ ಒಂದು ಅಂಕೆಯನ್ನು ಮುಂದಿಟ್ಟು ಮಾತುಗಳನ್ನು ಅನುಬಂಧಕ್ಕೆ ತಳ್ಳಿದ್ದು ನನಗೆ ನೋವುಂಟುಮಾಡಿತು. ಆ ಅನುಬಂಧವೂ ಇಂಗ್ಲಿಷಿನಲ್ಲಿತ್ತು ಎಂಬುದು ಎರಡನೆಯ ದೂರು. "ತಲೆ ಕೆಟ್ಟೋಗ್ತದೆ, ಏನೂ ಬ್ಯಾಡ ಅನ್ನಿಸ್ತದೆ" ಎಂಬ ಮಾತು ಅಲ್ಲಿ ಖಿನ್ನತೆಯ ಲಕ್ಷಣವೆಂಬ ಅರ್ಥದ ಒಂದು ಇಂಗ್ಲಿಷ್ ಪದವಾಗಿ ಕುಳಿತಿತ್ತು. ಕನ್ನಡದ ಮೂಲ ಬರಹರೂಪ ಬೇಕೆಂದು ಮೂರು ಸಲ ಪತ್ರ ಬರೆದ ಮೇಲೆ, ಹೆಸರುಗಳನ್ನು ತೆಗೆದು ಕಳಿಸಿಕೊಟ್ಟರು. ಇಂಥ ಸೇವೆ ಪಡೆಯುವವರು ಒಪ್ಪಂದದಲ್ಲೇ ಇದನ್ನು ಬರೆಸಿಕೊಳ್ಳಬೇಕು: ಸಂದರ್ಶನಗಳ ಕನ್ನಡ ಪಠ್ಯ, ಮತ್ತು ಯಾವ ಪ್ರಶ್ನೆ ಯಾವ ಸುತ್ತಿನಲ್ಲಿ ಏಕೆ ಬದಲಾಯಿತು ಎಂಬ ದಾಖಲೆ. ಒಂದು ಪ್ರಸಿದ್ಧ ಮಾಪಕದ ಪದಗಳನ್ನು ಇಷ್ಟು ಬದಲಿಸಿದ ಮೇಲೆ ಬೇರೆ ದೇಶದ ಅಂಕಗಳೊಡನೆ ನೇರವಾಗಿ ಹೋಲಿಸಲು ಬರುವುದಿಲ್ಲ. ಆ ದಾಖಲೆಯಿದ್ದರೆ ಕೊನೆಯಪಕ್ಷ ಏನು ಬದಲಾಗಿದೆ ಎಂದು ಓದುಗರಿಗೆ ತೋರಿಸಬಹುದು.

38,000 ರೂಪಾಯಿಯಲ್ಲಿ ಅನುವಾದಕ್ಕೆ ಹೋದ ಪಾಲು ನನ್ನ ಮಟ್ಟಿಗೆ ವ್ಯರ್ಥ, ಟ್ಯಾಬ್ಲೆಟ್ ಕೆಲಸವನ್ನು ಉಚಿತ ತಂತ್ರಾಂಶಗಳಲ್ಲಿ ವಿದ್ಯಾರ್ಥಿಗಳೇ ಮಾಡಬಲ್ಲರು. ಮೂರು ಸುತ್ತಿನ ಸಂದರ್ಶನಕ್ಕೆ ಮಾತ್ರ ಇನ್ನೂ ಹೆಚ್ಚು ಕೇಳಿದ್ದರೂ ಕೊಡುತ್ತಿದ್ದೆ. ಹಣವಿಲ್ಲದ ವಿದ್ಯಾರ್ಥಿಗಳು ನಾಲ್ಕು ಜನರ ಒಂದು ಸುತ್ತನ್ನಾದರೂ ತಾವೇ ಮಾಡಬೇಕು. ಅದಕ್ಕೆ ಬೇಕಾದದ್ದು ಒಂದು ಮಧ್ಯಾಹ್ನ ಮತ್ತು ಉತ್ತರ ಬಂದ ಮೇಲೂ ಸುಮ್ಮನೆ ಕುಳಿತು ಕೇಳುವ ತಾಳ್ಮೆ. ತುಮಕೂರಿನ ಕಿವಿಗೆ ಹೊಂದಿಸಿದ ಈ ಪ್ರಶ್ನೆಗಳು ಕಲಬುರಗಿಯಲ್ಲಿ ನಡೆಯುವುದಿಲ್ಲ. ನಮ್ಮ ಮುಂದಿನ ಹಂತ ಅಲ್ಲಿಯೇ ಆದ್ದರಿಂದ, ಅಲ್ಲಿಯ ಮಾತಿನಲ್ಲಿ ಮತ್ತೆ ಮೂರು ಸುತ್ತು ಮಾಡಿಕೊಡುವಿರಾ ಎಂದು ಇದೇ ಸಂಸ್ಥೆಗೆ ಬರೆದಿದ್ದೇನೆ. ಒಪ್ಪಿದ್ದಾರೆ, ಸಂದರ್ಶಕಿ ಆ ಕಡೆಯವರೇ ಆಗಿರಬೇಕೆಂಬ ನನ್ನ ಷರತ್ತಿಗೆ ಇನ್ನೂ ಉತ್ತರ ಬರಬೇಕಾಗಿದೆ.